ಗೋಧ್ರಾದ ಸ್ಟುಡಿಯೋ, ಪುಣೆಯ ಸಂಗ್ರಹ: ಛಾಯಾಗ್ರಾಹಕ ಫಾಲ್ಕೆ

ಧುಂಡಿರಾಜ ಗೋವಿಂದ ಫಾಲ್ಕೆಯವರನ್ನು (1870–1944) ಕುರಿತ ಬರಹಗಳು ಬಹುಮಟ್ಟಿಗೆ 1913ರಲ್ಲಿ ನಿಂತು ಹಿಂದಕ್ಕೆ ನೋಡುತ್ತವೆ. ‘ರಾಜಾ ಹರಿಶ್ಚಂದ್ರ’ ಚಿತ್ರದ ನಿರ್ಮಾಪಕನ ಪೂರ್ವಜೀವನವೆಲ್ಲ ಆ ಒಂದು ಸಾಧನೆಗೆ ನಡೆದ ಸಿದ್ಧತೆಯೆಂಬಂತೆ ಅವು ನಿರೂಪಿತವಾಗಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅವರು ಗೋಧ್ರಾ ಎಂಬ ಸಣ್ಣ ಊರಿನಲ್ಲಿ ಭಾವಚಿತ್ರ ತೆಗೆಯುವ ವೃತ್ತಿಯನ್ನು ಕೈಗೊಂಡಿದ್ದರೆಂಬ ಸಂಗತಿಗೆ ಒಂದೆರಡು ವಾಕ್ಯ ಸಲ್ಲುತ್ತದೆ. ಅದೂ ವಿಫಲ ಯತ್ನವೆಂಬ ಷರಾದೊಡನೆ. ಈ ಷರಾ ಮರುಪರಿಶೀಲನೆಗೆ ಯೋಗ್ಯವೆಂದು ನಾವು ಭಾವಿಸುತ್ತೇವೆ.

ಮುಂಬಯಿಯ ಜೆ. ಜೆ. ಕಲಾಶಾಲೆ, ಆನಂತರ ಬರೋಡೆಯ ಕಲಾಭವನ ಇವೆರಡು ಫಾಲ್ಕೆಯವರ ವಿದ್ಯಾಭ್ಯಾಸದ ನೆಲೆಗಳು. ಕಲಾಭವನದಲ್ಲಿ ಪ್ರೊ. ಗಜ್ಜರರ ಪ್ರೋತ್ಸಾಹದಿಂದ ಛಾಯಾಗ್ರಹಣವೂ ಮುದ್ರಣದ ತಂತ್ರಗಳೂ ಅವರಿಗೆ ಕೈವಶವಾದವು. ಗೋಧ್ರಾಕ್ಕೆ ಅವರು ಹೋದದ್ದು ಈ ಬಲದಿಂದ. ಅಲ್ಲಿ ಪ್ಲೇಗ್ ಬೇನೆಯಿಂದ ಪತ್ನಿಯನ್ನೂ ಮಗುವನ್ನೂ ಕಳೆದುಕೊಂಡು 1900ರ ಸುಮಾರಿಗೆ ಬರೋಡೆಗೆ ಮರಳಿದರು. ಬರೋಡೆಯಲ್ಲಿಯೂ ವೃತ್ತಿ ಕುದುರಲಿಲ್ಲ. ಕ್ಯಾಮೆರಾ ಮೈಯೊಳಗಿನ ಸತ್ವವನ್ನು ಹೀರುತ್ತದೆ, ಚಿತ್ರ ತೆಗೆಸಿಕೊಂಡವರು ಬಹುಕಾಲ ಬಾಳುವುದಿಲ್ಲ ಎಂಬ ಭಯ ಜನರಲ್ಲಿ ಹರಡಿತ್ತೆಂದು ಜೀವನಚರಿತ್ರೆಗಳು ಹೇಳುತ್ತವೆ.

ಈ ಕಥೆಯನ್ನು ಜನರ ಅಜ್ಞಾನಕ್ಕೆ ನಿದರ್ಶನವಾಗಿ ಹೇಳುವುದು ರೂಢಿಯಾಗಿದೆ. ಆದರೆ ಕಾಲವನ್ನು ಗಮನಿಸಬೇಕು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ ಪಶ್ಚಿಮ ಭಾರತದ ಊರೂರನ್ನೂ ತಟ್ಟಿದ ವರ್ಷಗಳವು. ಮನೆಹೊಕ್ಕು ನಡೆಸಿದ ತಪಾಸಣೆಯ ಕ್ರೌರ್ಯದಿಂದ ರೊಚ್ಚಿಗೆದ್ದ ಪುಣೆಯಲ್ಲಿ 1897ರ ಜೂನ್ ತಿಂಗಳಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿತು. ನಿನ್ನೆ ಎದುರಿಗೆ ಕುಳಿತಿದ್ದವನು ನಾಳೆ ಇಲ್ಲವಾಗುತ್ತಿದ್ದ ದಿನಗಳಲ್ಲಿ, ಅವನ ಮುಖವನ್ನು ಮಾತ್ರ ಉಳಿಸಿಕೊಡುವ ಯಂತ್ರದ ಬಗ್ಗೆ ಜನ ಅಳುಕಿದ್ದರೆ ಅದನ್ನು ಕೇವಲ ಮೌಢ್ಯವೆಂದು ತಳ್ಳಿಹಾಕಲಾದೀತೇ? ಆ ಛಾಯಾಗ್ರಾಹಕನ ಮನೆಯಲ್ಲಿಯೇ ಎರಡು ಸಾವು ಸಂಭವಿಸಿದ್ದವು. ಚರಿತ್ರಕಾರರು ಈ ಎರಡು ಸಂಗತಿಗಳನ್ನು ಅಕ್ಕಪಕ್ಕದ ವಾಕ್ಯಗಳಲ್ಲಿ ಬರೆದೂ ಒಂದಕ್ಕೊಂದು ಹೊಂದಿಸಿ ನೋಡದಿರುವುದು ಆಶ್ಚರ್ಯಕರ.

ಸಣ್ಣ ಊರಿನ ಭಾವಚಿತ್ರಕಾರನ ಕೃತಿಗಳನ್ನು ವಿಮರ್ಶಿಸುವುದು ಸುಲಭವಲ್ಲ. ಅವು ಚಿತ್ರ ತೆಗೆಸಿಕೊಂಡವರ ಮನೆಗಳಿಗೆ ಚದುರಿಹೋಗುತ್ತವೆ. ಗೋಡೆಯಲ್ಲಿ ತಾತನಿರುತ್ತಾನೆ, ತೆಗೆದವನ ಹೆಸರಿರುವುದಿಲ್ಲ. (ಬೆಳಗಾವಿ, ವಿಜಯಪುರ, ಸೊಲ್ಲಾಪುರಗಳ ಹಳೆಯ ಮನೆಗಳನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.) ಆದ್ದರಿಂದ ಫಾಲ್ಕೆಯವರ ಸ್ಟುಡಿಯೋವನ್ನು ಅವರ ಚಲನಚಿತ್ರಗಳಲ್ಲಿ ಹುಡುಕುವುದೇ ನಮಗೆ ಉಳಿದಿರುವ ದಾರಿ. ಆ ಚಿತ್ರಗಳ ಉಳಿದ ಭಾಗಗಳು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿವೆ. 1964ರಲ್ಲಿ ಸ್ಥಾಪಿತವಾದ ಈ ಸಂಸ್ಥೆ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಫಾಲ್ಕೆಯವರ ಚಿತ್ರಗಳನ್ನು ಶ್ರಮವಹಿಸಿ ಕೂಡಿಹಾಕಿದ ಶ್ರೇಯಸ್ಸು ಪಿ. ಕೆ. ನಾಯರ್ ಅವರದು.

1919ರ ‘ಕಾಳಿಯ ಮರ್ದನ’ವನ್ನು ನೋಡಬೇಕು. ಕಥೆ ಆರಂಭವಾಗುವ ಮುನ್ನ ಫಾಲ್ಕೆಯವರು ಏಳು ವರ್ಷದ ಬಾಲೆಯೊಬ್ಬಳ ಮುಖವನ್ನು ನಮ್ಮ ಮುಂದಿಡುತ್ತಾರೆ. ಅವಳು ಅವರ ಮಗಳು ಮಂದಾಕಿನಿ. ಒಂದಾದ ಮೇಲೊಂದು ಭಾವ ಆ ಮುಖದ ಮೇಲೆ ಮೂಡಿ ಮರೆಯಾಗುತ್ತದೆ. ಗೋಕುಲವಿಲ್ಲ, ಯಮುನೆಯಿಲ್ಲ, ಕ್ಯಾಮೆರಾದ ಎದುರು ಕುಳಿತ ಮಗು ಮಾತ್ರ. ಆಮೇಲೆ ಆ ಹುಡುಗಿಯೇ ಕೃಷ್ಣನಾಗಿ ಮಾರ್ಪಡುತ್ತಾಳೆ. ಇದನ್ನು ನಟಿಯ ಪರಿಚಯವೆಂದು ವಿಮರ್ಶಕರು ಮುಂದೆ ಸಾಗುತ್ತಾರೆ. ನಮಗಾದರೋ ಇದು ಅಪ್ಪಟ ಸ್ಟುಡಿಯೋ ಭಾವಚಿತ್ರವಾಗಿಯೇ ತೋರುತ್ತದೆ. ಎದುರಿಗೆ ಕುಳಿತವರನ್ನು ಅಲುಗದಂತೆ ನಿಲ್ಲಿಸಿ, ಒಂದು ಭಾವವನ್ನು ಗಾಜಿನ ಫಲಕದ ಮೇಲೆ ಹಿಡಿಯುವುದು ಗೋಧ್ರಾದ ಕಸುಬು. ಅಲುಗುವುದಕ್ಕೆ ಅಪ್ಪಣೆ ದೊರೆತೊಡನೆ ಅದೇ ಕಸುಬು ಏನಾಗಬಲ್ಲುದೆಂಬುದನ್ನು ಈ ದೃಶ್ಯ ತೋರಿಸುತ್ತದೆ. ದೇವರ ವೇಷಕ್ಕೆ ಮೊದಲು ಮನುಷ್ಯಮುಖವನ್ನು ಒಪ್ಪಿಸುವ ಈ ಕ್ರಮ ಪೌರಾಣಿಕ ನಾಟಕದಿಂದ ಬಂದುದಲ್ಲ. ಅಲ್ಲಿ ವೇಷಧಾರಿ ವೇಷದೊಡನೆಯೇ ರಂಗಕ್ಕೆ ಬರುತ್ತಾನೆ.

ನಾಟಕದ ಋಣ ಬೇರೆಡೆ ಇದೆ. ಛಾಯಾಗ್ರಹಣದಿಂದ ಹೊಟ್ಟೆ ತುಂಬದಾದಾಗ ಫಾಲ್ಕೆಯವರು ನಾಟಕ ಕಂಪೆನಿಗಳಿಗೆ ಪರದೆ ಬರೆದರು. 1902ರಲ್ಲಿ ಅವರು ಮದುವೆಯಾದ ಸರಸ್ವತಿಬಾಯಿಯವರು ಕಿರ್ಲೋಸ್ಕರ ನಾಟಕ ಮಂಡಳಿಯ ಮಾಲೀಕರ ಬಂಧುವರ್ಗದವರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ರಂಗಕ್ಕೆ ತಂದು ಕಟ್ಟಿದ ಮಂಡಳಿಯದು. ಸ್ಟುಡಿಯೋದ ಹಿನ್ನೆಲೆಯ ಪರದೆಗೂ ನಾಟಕದ ಪರದೆಗೂ ಬಣ್ಣ ಬಳಿದ ಕೈ ಒಂದೇ. ಹೀಗೆ ನಡೆದವರು ಫಾಲ್ಕೆಯವರೊಬ್ಬರೇ ಅಲ್ಲ. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಬಂದ ಪ್ರಭಾತ್ ಕಂಪೆನಿಯ ದಾಮ್ಲೆ, ಫತ್ತೇಲಾಲರೂ ಕುಂಚದಿಂದಲೇ ಕ್ಯಾಮೆರಾಕ್ಕೆ ಬಂದವರು.

ಪುರಾತತ್ವ ಇಲಾಖೆಯ ನೌಕರಿ, ಬಳಿಕ ಪುಣೆ ಜಿಲ್ಲೆಯ ಲೋಣಾವಳೆಯ ಅಚ್ಚುಕೂಟ, ಅಲ್ಲಿ ರವಿವರ್ಮ ಮುದ್ರಣಾಲಯಕ್ಕಾಗಿ ಮಾಡಿದ ಕೆಲಸ ಇವು ಸಾಕಷ್ಟು ಚರ್ಚಿತವಾಗಿವೆ. ಫಾಲ್ಕೆಯವರ ದೇವತೆಗಳು ರವಿವರ್ಮನ ಚಿತ್ರಗಳಿಂದ ಇಳಿದು ಬಂದವರೆಂಬ ಮಾತೂ ಹಳೆಯದು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ‘ರಾಜಾ ಹರಿಶ್ಚಂದ್ರ’ದ ಮೊದಲ ದೃಶ್ಯದಲ್ಲಿ ರಾಜ, ರಾಣಿ, ಬಿಲ್ಲುವಿದ್ಯೆ ಕಲಿಯುವ ರಾಜಕುಮಾರ ಒಂದೇ ಚೌಕಟ್ಟಿನಲ್ಲಿ ಅಚ್ಚುಕಟ್ಟಾಗಿ ನಿಂತಿರುವ ಬಗೆಯಲ್ಲಿ ಕುಟುಂಬದ ಭಾವಚಿತ್ರದ ಶಿಸ್ತೂ ಇದೆ. ರಾಘವಾಂಕನನ್ನು ಓದಿದ ಕನ್ನಡಿಗರು ಮುಂದೆ ಒಡೆಯಲಿರುವ ಆ ಸಂಸಾರವನ್ನು ಇಡಿಯಾಗಿ ಕಾಣುವುದು ಅಲ್ಲಿಯೇ. ರೋಹಿತಾಶ್ವನ ಪಾತ್ರದಲ್ಲಿರುವವನು ಫಾಲ್ಕೆಯವರ ಮಗ ಭಾಲಚಂದ್ರ. ಕತ್ತಲೆಕೋಣೆಯಲ್ಲಿ ಫಿಲ್ಮು ತೊಳೆಯಲು ನೆರವಾದವರು ಸರಸ್ವತಿಬಾಯಿ. ಮನೆಮಂದಿಯೆಲ್ಲ ದುಡಿಯುವ ಈ ಏರ್ಪಾಡು ಕಾರ್ಖಾನೆಯದಲ್ಲ, ಊರ ಸ್ಟುಡಿಯೋದ್ದು.

ಇಲ್ಲಿ ಒಂದು ತೊಡಕನ್ನು ಮುಚ್ಚಿಡಲಾಗದು. ಸಂಗ್ರಹಾಲಯದಲ್ಲಿರುವ ‘ಹರಿಶ್ಚಂದ್ರ’ 1913ರ ಮೂಲಪ್ರತಿಯಲ್ಲ, 1917ರಲ್ಲಿ ಫಾಲ್ಕೆಯವರೇ ಪುನಃ ತೆಗೆದ ಚಿತ್ರದ ಭಾಗವೆಂದು ವೀರಚಂದ ಧರಮಶಿಯವರು ವಾದಿಸಿದ್ದಾರೆ. ಅದು ದಿಟವಾದಲ್ಲಿ, ಮೇಲಿನ ಕುಟುಂಬದೃಶ್ಯವನ್ನು ಸ್ಟುಡಿಯೋದಿಂದ ಹೊರಬಂದ ಹೊಸಬನ ಕೆಲಸವೆಂದು ಓದುವಂತಿಲ್ಲ. ನಾಲ್ಕು ವರ್ಷ ಚಿತ್ರ ತೆಗೆದು ಪಳಗಿದವನು ಮತ್ತೆ ಅದೇ ಚೌಕಟ್ಟಿಗೆ ಮರಳಿದನೆಂದು ಓದಬೇಕಾಗುತ್ತದೆ. ನಮ್ಮ ವಾದದ ಭಾರವನ್ನು ಹರಿಶ್ಚಂದ್ರನ ಮೇಲೆ ಹೇರದೆ ಮಂದಾಕಿನಿಯ ಮುಖದ ಮೇಲೆ ಇಟ್ಟಿರುವುದು ಈ ಕಾರಣದಿಂದ.