ದೋಣಿ ಇಲ್ಲಿ, ವಿಳಾಸ ಅಲ್ಲಿ

ಅಮೆರಿಕದ ಪೂರ್ವ ಕರಾವಳಿಯ ಬಂದರುಕಟ್ಟೆಗಳಲ್ಲಿ ಅಡ್ಡಾಡಿದರೆ, ವಿಹಾರನೌಕೆಗಳ ಹಿಂಬದಿಯಲ್ಲಿ ‘ವಿಲ್ಮಿಂಗ್ಟನ್, ಡೆಲವೇರ್’ ಎಂಬ ಬರಹ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅವುಗಳಲ್ಲಿ ಎಷ್ಟೋ ನೌಕೆಗಳು ಆ ಊರಿನ ನೀರನ್ನೇ ಕಂಡಿರುವುದಿಲ್ಲ. ಡೆಲವೇರ್‌ನಲ್ಲಿ ಮಾರಾಟ ತೆರಿಗೆ ಇಲ್ಲ. ವಿಳಾಸದ ಗುಟ್ಟು ಅಷ್ಟೇ. ರಾಜ್ಯಗಳ ಮಾರಾಟ ತೆರಿಗೆ ದೋಣಿ ಉದ್ಯಮವನ್ನು ಮುಳುಗಿಸುತ್ತದೆ, ತೆರಿಗೆ ಇಳಿಸಿದರೆ ಕೆಲಸಗಳು ಉಳಿಯುತ್ತವೆ ಎಂಬುದು ಅಲ್ಲಿ ವ್ಯಾಪಾರಿಗಳಿಂದ ಶಾಸಕರವರೆಗೆ ಎಲ್ಲರ ಬಾಯಲ್ಲಿರುವ ಮಾತು. ನನಗೆ ಅದರಲ್ಲಿ ಅರ್ಧ ಸತ್ಯವಷ್ಟೇ ಕಾಣುತ್ತದೆ.

ಈ ವಾದದವರು ಮೊದಲು ಕರೆಯುವ ಸಾಕ್ಷಿ 1991ರದು. ಆ ವರ್ಷ ಕೇಂದ್ರ ಸರ್ಕಾರ, ದೋಣಿಯ ಬೆಲೆಯಲ್ಲಿ ಒಂದು ಲಕ್ಷ ಡಾಲರ್ ಮೀರಿದ ಭಾಗಕ್ಕೆ ಶೇ. 10ರ ಐಷಾರಾಮಿ ತೆರಿಗೆ ಹಾಕಿತು. ದೋಣಿ ಕಟ್ಟುವವರು ಕೆಲಸ ಕಳೆದುಕೊಂಡರು. 1993ರಲ್ಲಿ ತೆರಿಗೆ ರದ್ದಾಯಿತು. ಕೆಲಸ ಹೋದದ್ದು ನಿಜ. ಆದರೆ ಆರ್ಥಿಕ ಹಿಂಜರಿತ 1990ರ ನಡುವಿನಲ್ಲೇ ಶುರುವಾಗಿತ್ತು. ಎರಡು ಪೆಟ್ಟು ತಿಂದ ಮೈಯಲ್ಲಿ ಒಂದೇ ಗಾಯ ತೋರಿಸಿದರೆ ಹೇಗೆ? ಮೇಲಾಗಿ ಅದು ದೇಶಕ್ಕೆಲ್ಲ ಒಂದೇ ತೆರಿಗೆ. ರಾಜ್ಯದ ತೆರಿಗೆಗಾದರೆ ಪಕ್ಕದ ರಾಜ್ಯವಿದೆ.

ಆ ಪಕ್ಕದ ರಾಜ್ಯದ ಕಥೆ ರೋಡ್ ಐಲೆಂಡ್‌ನದು. ಅದು 1993ರಲ್ಲಿ ದೋಣಿಗಳ ಮಾರಾಟ ತೆರಿಗೆಯನ್ನೇ ತೆಗೆದುಹಾಕಿತು. 2010ರಲ್ಲಿ ಮ್ಯಾಸಚೂಸೆಟ್ಸ್‌ನ ಸೆನೆಟರ್ ಜಾನ್ ಕೆರಿಯವರ 70 ಲಕ್ಷ ಡಾಲರ್‌ನ ನೌಕೆ ರೋಡ್ ಐಲೆಂಡ್‌ನ ನ್ಯೂಪೋರ್ಟ್‌ನಲ್ಲಿ ನಿಂತಿರುವುದು ಸುದ್ದಿಯಾಯಿತು. ತೆರಿಗೆ ತಪ್ಪಿಸಲು ಅಲ್ಲಿಟ್ಟದ್ದಲ್ಲ ಎಂದು ಅವರ ಕಡೆಯವರು ಹೇಳಿದರು. ಕೊನೆಗೆ ತಮ್ಮ ರಾಜ್ಯಕ್ಕೆ ಸುಮಾರು ಐದು ಲಕ್ಷ ಡಾಲರ್ ಕಟ್ಟಲು ಕೆರಿ ಒಪ್ಪಿದರು. ಅಷ್ಟರಲ್ಲಿ ರಾಜ್ಯಗಳ ನಡುವೆ ಪೈಪೋಟಿ ಹತ್ತಿತ್ತು. ಫ್ಲೋರಿಡಾ 2010ರಲ್ಲಿ ಒಂದು ದೋಣಿಗೆ ಗರಿಷ್ಠ 18,000 ಡಾಲರ್ ತೆರಿಗೆ ಎಂದು ಮಿತಿ ಕಟ್ಟಿತು. ಮೇರಿಲ್ಯಾಂಡ್ 2013ರಲ್ಲಿ 15,000ಕ್ಕೆ ನಿಲ್ಲಿಸಿತು. ನ್ಯೂಯಾರ್ಕ್ 2015ರಲ್ಲಿ 2.3 ಲಕ್ಷ ಡಾಲರ್ ಮೀರಿದ ಬೆಲೆಗೆ ತೆರಿಗೆಯನ್ನೇ ಬಿಟ್ಟಿತು. ನ್ಯೂಜೆರ್ಸಿ, ಕನೆಕ್ಟಿಕಟ್ ಹಿಂಬಾಲಿಸಿದವು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ಎಂಬ ಆಟ ಇದು. ಎಲ್ಲರೂ ಇಳಿಸಿದ ಮೇಲೆ ಯಾರಿಗೂ ಮೇಲುಗೈ ಇಲ್ಲ. ಬೊಕ್ಕಸಗಳು ಮಾತ್ರ ಬಡವಾದವು.

ಲಾಭ ಯಾರಿಗಾಯಿತು? ಫ್ಲೋರಿಡಾದ ಲೆಕ್ಕವನ್ನೇ ನೋಡಿ. ಅಲ್ಲಿ ರಾಜ್ಯದ ದರ ಶೇ. 6. ಬೆಲೆ ಮೂರು ಲಕ್ಷ ಡಾಲರ್ ಮುಟ್ಟಿದಾಗ ತೆರಿಗೆ 18,000ಕ್ಕೆ ನಿಂತುಬಿಡುತ್ತದೆ. ವಾರಾಂತ್ಯಕ್ಕೆ ಮೀನು ಹಿಡಿಯಲು 30,000 ಡಾಲರ್‌ನ ದೋಣಿ ಕೊಂಡವನು 1,800 ಕಟ್ಟುತ್ತಾನೆ, ಪೂರಾ ಶೇ. 6. ಮೂವತ್ತು ಲಕ್ಷದ ನೌಕೆ ಕೊಂಡವನು ಕಟ್ಟುವ 18,000 ಅವನ ನೌಕೆಯ ಬೆಲೆಯ ಶೇ. 0.6. ಉದ್ಯಮದ ಹೆಸರಿನಲ್ಲಿ ಕೊಟ್ಟ ರಿಯಾಯಿತಿಯಲ್ಲಿ ಮೀನು ಹಿಡಿಯುವವನಿಗೆ ಬಿಡಿಗಾಸೂ ಇಲ್ಲ.

ಎದುರು ವಾದದಲ್ಲಿ ಗಟ್ಟಿಕಾಳೂ ಇದೆ. ರಿಪೇರಿಯ ಮಾತು ಬೇರೆ. ದೊಡ್ಡ ನೌಕೆ ತಾನಾಗಿ ಚಲಿಸುವ ಆಸ್ತಿ. ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ದುಬಾರಿಯಾದರೆ ಬಹಾಮಾಸ್‌ಗೆ ಹೋದೀತು. ಆಗ ವಿಳಾಸದ ಕಾಗದದ ಜೊತೆ ಬೆಸುಗೆಯವನ, ಬಡಗಿಯ, ಬಣ್ಣ ಬಳಿಯುವವನ ಕೂಲಿಯೂ ಹೋಗುತ್ತದೆ. ಒಂದು ರಿಪೇರಿಗೆ ಗರಿಷ್ಠ 60,000 ಡಾಲರ್ ತೆರಿಗೆ ಎಂದು 2015ರಲ್ಲಿ ಫ್ಲೋರಿಡಾ ಹಾಕಿದ ಮಿತಿಗೆ ಈ ಸಮರ್ಥನೆ ಒಪ್ಪುತ್ತದೆ. ಖರೀದಿಯ ಮಿತಿಗೆ ಒಪ್ಪುವುದಿಲ್ಲ.

ಆದ್ದರಿಂದ ರಿಪೇರಿಯ ರಿಯಾಯಿತಿ ಇರಲಿ; ಖರೀದಿಯ ಮಿತಿಯನ್ನು ನೆರೆಯ ರಾಜ್ಯಗಳು ಮಾತಾಡಿಕೊಂಡು ಒಟ್ಟಿಗೆ ತೆಗೆಯಲಿ. ಬಂದ ಹಣ ನೀರಿಗೇ ಮರಳಲಿ. ಮೇರಿಲ್ಯಾಂಡ್ ತನ್ನ ದೋಣಿ ತೆರಿಗೆಯನ್ನು ಜಲಮಾರ್ಗ ಸುಧಾರಣಾ ನಿಧಿಗೆ ಹಾಕಿ, ಹೂಳೆತ್ತಲು, ದೋಣಿ ಇಳಿಸುವ ಕಟ್ಟೆಗಳನ್ನು ಕಟ್ಟಲು ಬಳಸುತ್ತದೆ. ಹೂಳು ತುಂಬಿದ ಕಾಲುವೆಯಲ್ಲಿ ವಿಲ್ಮಿಂಗ್ಟನ್ ವಿಳಾಸದ ನೌಕೆಯೂ ಸಿಕ್ಕಿಬೀಳುತ್ತದೆ.