ಬಯಕಿ ಪದದಾಗಿನ ಗಂಡ

ಕುಬಸದ ದಿನ ನಾವು ಹಾಡುವ ಬಯಕಿ ಪದಗಳನ್ನು ಮಾಸ್ತರರು ಬರಕೊಂಡು ಹೋಗ್ತಾರ, ಹೊಗಳ್ತಾರ. ಪದ ಚೆಂದ ಅವ, ಸುಳ್ಳಲ್ಲ. ಆದರೆ ಇಷ್ಟು ವರ್ಷ ಹಾಡಿದ ಮ್ಯಾಲೆ ನನಗ ಅವುಗಳ ಮ್ಯಾಲೆ ಒಂದು ತಕರಾರು ಅದ.

ಆ ಪದಗಳಲ್ಲಿ ತಿಂಗಳಿಗೊಂದು ಹಣ್ಣು, ತಿಂಗಳಿಗೊಂದು ತಿಂಡಿ ಬರ್ತದ. ಗಂಡ ಮಾತ್ರ ಸಂತಿಗೆ ಓಡಾಡುವ ಆಳು. ತಂದರ ರಾಯ, ತರದಿದ್ದರ ಪಾಪಿ. ಅದರ ಮ್ಯಾಲೆ ಹಿರಿಯರ ಮಾತು ಬ್ಯಾರೆ: ಬಯಕಿ ತೀರದಿದ್ದರ ಕೂಸಿನ ಕಿವಿ ಸೋರ್ತದಂತ. ಅಂದ್ರ ಅವ ತರೋದು ಹೆಂಡತಿ ಮ್ಯಾಲಿನ ಮಮತಿಗಲ್ಲ, ಕಿವಿಯ ಅಂಜಿಕಿಗೆ. ಕಿವಿ ಸೋರೋದು ಒಳಗ ಕೀವಾದರ. ತಾಯಿ ತಿನ್ನದ ಮಾವಿನಕಾಯಿಗಲ್ಲ.

ನಮ್ಮ ಮುಸಲ್ಮಾನ ಅಕ್ಕತಂಗೇರು ಏಳನೇ ತಿಂಗಳಿಗೆ ಸತ್ವಾಸಾ ಮಾಡಿ ಉಡಿ ತುಂಬ್ತಾರ. ಅವರ ಕುರಾನಿನ 19ನೇ ಅಧ್ಯಾಯದಾಗ ಈಸಾ ನಬಿಯ ತಾಯಿ ಮರಿಯಮಳ ಕಥಿ ಅದ. ಬ್ಯಾನಿ ಬಂದು ಒಬ್ಬಾಕೇ ಖರ್ಜೂರದ ಗಿಡದ ಬುಡಕ್ಕ ಬರ್ತಾಳ. ಇದಕ್ಕಿಂತ ಮೊದಲೇ ಸತ್ತಿದ್ದರ ಚಲೋ ಇತ್ತು ಅಂತಾಳ. ಹಣ್ಣು ಬೇಕಂತ ಆಕಿ ಕೇಳೇ ಇಲ್ಲ. ದುಃಖ ಪಡಬ್ಯಾಡ, ಕೆಳಗ ನೀರು ಅದ, ಗಿಡ ಅಲುಗಿಸು, ಹಣ್ಣು ಬೀಳ್ತಾವ, ತಿನ್ನು ಅಂತ ದನಿ ಬರ್ತದ. ಕೇಳುವ ಮೊದಲೇ ಕೊಟ್ಟ ಈ ಹಣ್ಣು ನಮ್ಮ ಯಾವ ಪದದಾಗೂ ಇಲ್ಲ.

65ನೇ ಅಧ್ಯಾಯದ ಮಾತು ಇನ್ನೂ ಖಡಕ್. ತಲಾಖ್ ಆದಾಕಿ ಬಸುರಿದ್ದರ ಹೆರಿಗಿ ಆಗೋತನಕ ಖರ್ಚು ಗಂಡನ ಮ್ಯಾಲೆ. ಇದ್ದವ ಇದ್ದಂಗ, ಬಡವ ತನ್ನ ಪಾಡಿನಷ್ಟು. ಹಂಗಂತ ಬಯಕಿ ಹೆಸರಲೆ ಹರಾಮ್ ಏನೂ ಹಲಾಲ್ ಆಗೋದಿಲ್ಲ, ಅದು ಬ್ಯಾರೆ ಮಾತು. ರಂಜಾನದಾಗ ತನಗೋ ಕೂಸಿಗೋ ತ್ರಾಸ ಆಗ್ತದನಿಸಿದರ ಬಸುರಿ ರೋಜಾ ಬಿಟ್ಟು ಆಮ್ಯಾಲೆ ಹಿಡೀಬಹುದು. ಮುರಿದ ಸಂಸಾರದಾಗೇ ಬಸುರಿಗೆ ಇಷ್ಟು ಹಕ್ಕಿದ್ದರ, ಕೂಡಿ ಬಾಳುವ ಮನ್ಯಾಗ ಹುಣಸಿಕಾಯಿ ಕೇಳಿದಾಕಿಗೆ ‘ನಖರಾ ಮಾಡಬ್ಯಾಡ’ ಅನ್ನುವವಗ ಏನನಬೇಕು? ಅಂಥವರು ಎರಡೂ ಧರ್ಮದಾಗ ಅದಾರ. ಹುಣಸಿಕಾಯಿಗೆ ಹತ್ತಿದ ಜಗಳ ಕೂಸು ಹುಟ್ಟಿದ ಮ್ಯಾಲೂ ಹೆಣ್ಣನ್ನು ತವರಾಗೇ ಕೂಡ್ರಿಸಿದ್ದನ್ನ ನಮ್ಮ ಕಂಗ್ಟಿ ಕಡೆ ನಾ ಕಂಡೀನಿ.

ಇನ್ನೊಂದು. ಮಣ್ಣು ತಿನ್ನುವ ಬಯಕಿಯನ್ನು ನಾವು ನಗತಾ ಹಾಡ್ತೀವಿ. ಅದು ಬಹಳ ಸಲ ರಕ್ತ ಕಡಿಮಿ ಆದ ಗುರುತು. ಅಲ್ಲಿ ಗಂಡ ತರಬೇಕಾದ್ದು ಮಣ್ಣಲ್ಲ. ಆಕೀನ್ನ ದವಾಖಾನಿಗೆ ಕರಕೊಂಡು ಹೋಗಬೇಕು.

ಈಗ ನಾ ಹಾಡುವಾಗ ‘ನಿನಗೇನು ಬೇಕು’ ಅಂತ ಗಂಡನೇ ಮೊದಲು ಕೇಳುವ ಒಂದು ನುಡಿ ಸೇರಿಸ್ತೀನಿ. ಧಾಟಿ ಕೆಡ್ತದ ಅಂತ ಹಳಬರು ಅಂತಾರ. ಧಾಟಿ ಕೆಡೋದಿಲ್ಲ, ಒಂದು ಸೊಲ್ಲು ಹೆಚ್ಚಾಗ್ತದ ಅಷ್ಟೇ.