ಸಹಬರಹಗಾರನ ಹೆಸರೆಲ್ಲಿ?

ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1894ರಲ್ಲಿ ಹೊರತಂದ ಕಿಟ್ಟೆಲ್ ನಿಘಂಟನ್ನು ತೆರೆದು ನೋಡಿ. ಅರ್ಥಗಳ ಪಕ್ಕದ ಪುಟ್ಟ ಸಂಕೇತಾಕ್ಷರಗಳು ಪದ ಯಾವ ಕೃತಿಯಿಂದ, ಯಾವ ಸೀಮೆಯಿಂದ ಬಂತೆಂದು ತಿಳಿಸುತ್ತವೆ. ಈ ಶಿಸ್ತನ್ನು ಗೂಗಲ್ ಡಾಕ್ಸ್‌ನಂಥ ಹಂಚಿಕೆಯ ಕಡತದಲ್ಲಿ ಹುಡುಕೋಣ. ನಾಲ್ವರು ವಿದ್ಯಾರ್ಥಿಗಳು ಪ್ರಯೋಗದ ವರದಿಯನ್ನು ಒಮ್ಮೆಗೇ ತಿದ್ದಿದರೂ ಬರಹ ಕಲಸಿಹೋಗದು: ಒಬ್ಬರು ಅಕ್ಷರ ಸೇರಿಸಿದಷ್ಟು ಇನ್ನೊಬ್ಬರ ತಿದ್ದುಪಡಿಯ ಸ್ಥಾನವನ್ನು ಗಣಕ ಸರಿಸುತ್ತದೆ. ಎಲ್ಲಿಸ್ ಮತ್ತು ಗಿಬ್ಸ್ 1989ರಲ್ಲೇ ವಿವರಿಸಿದ ಈ ಉಪಾಯ ನಿಜಕ್ಕೂ ಜಾಣತನದ್ದು. ಯಾರು ಏನು ಬರೆದರೆಂಬ ದಾಖಲೆಯೂ ಉಳಿಯುತ್ತದೆ. ಐದನೆಯವನಾಗಿ ಕೃತಕ ಬುದ್ಧಿಮತ್ತೆಯ ಸಹಾಯಕ ಸೇರಿದಾಗಲೇ ತೊಡಕು. ಅದರ ವಾಕ್ಯವನ್ನು ವಿದ್ಯಾರ್ಥಿ ಒಪ್ಪಿ ಸೇರಿಸಿದರೆ ದಾಖಲೆಯಲ್ಲಿ ಸಾಮಾನ್ಯವಾಗಿ ಕಾಣುವುದು ವಿದ್ಯಾರ್ಥಿಯ ಹೆಸರೇ. (ಯಾರೂ ಅಳೆಯದ ಉಷ್ಣತೆಯೂ ಹೀಗೆಯೇ ನುಸುಳಬಹುದು!) ಇದು ವಿನ್ಯಾಸದ ಲೋಪ. ಸದ್ಯಕ್ಕೆ, ಅಂಥ ಸಾಲುಗಳಿಗೆ ಬೇರೆ ಬಣ್ಣ ಕೊಡಲು ಹೇಳಿ. ಅಳತೆಗಳನ್ನು ಪ್ರಯೋಗದ ಪುಸ್ತಕದೊಂದಿಗೆ ತಾಳೆ ನೋಡಿ.